ಹನ್ನೆರಡು ನಿಮಿಷದ ಊಟ

ಚಮಚ ಗಾಳಿಯಲ್ಲಿ ನಿಂತಿತ್ತು. ಅದರ ಕುಳಿಯಲ್ಲಿ, ಬೇಯಿಸಿ ಅರೆದ ಕ್ಯಾರೆಟ್ಟಿನ ಪುಟ್ಟ ಗುಡ್ಡೆ. ಗುಡ್ಡೆಯ ನೆತ್ತಿಯ ಮೇಲೆ ಕಿಟಕಿಯ ಬೆಳಕಿನದೊಂದು ಚುಕ್ಕೆ. ಚಮಚ ಹಿಡಿದ ಕೈಯ ಮೊಣಕೈ ಮಂಚದ ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಊರಿತ್ತು. ಹನ್ನೊಂದು ವರ್ಷ ಅದೇ ಮೊಣಕೈ ಅಲ್ಲಿಯೇ ಊರಿ ಊರಿ ಪಟ್ಟಿಯ ಬಿಳಿ ಬಣ್ಣ ಎಲೆಯ ಆಕಾರದಲ್ಲಿ ಸವೆದುಹೋಗಿತ್ತು. ಚಮಚದಿಂದ ಗೇಣು ದೂರದಲ್ಲಿ ಒಂದು ಮುಖ: ನಲವತ್ತಮೂರರ ಗಂಡಸಿನದು, ನುಣ್ಣಗೆ ಕ್ಷೌರವಾದದ್ದು, ಎಡಕ್ಕೆ ತುಸು ವಾಲಿದ್ದು. ಕಣ್ಣುಗಳು ಮುಚ್ಚಿದ್ದವು. ಗೋಡೆಯ ಗಡಿಯಾರದ ಮುಳ್ಳೊಂದನ್ನು ಬಿಟ್ಟರೆ ಕೋಣೆಯಲ್ಲಿ ಏನೂ ಅಲುಗುತ್ತಿರಲಿಲ್ಲ.

"ಫೈಲು ಇನ್ನೂ ಸಾಹೇಬರ ಟೇಬಲ್ ಮೇಲೇ ಇದೆ," ಎಂದಳು ಆಯಮ್ಮ, ದನಿ ತಗ್ಗಿಸಿ. "ಸಹಿ ಆಗೋವರೆಗೂ ನಾವು ಹೊರಗೆ ಬೆಂಚಿನ ಮೇಲೆ ಕಾಯಬೇಕು, ಅಷ್ಟೇ."

ಮಂಚದ ಆಚೆ ಬದಿಯಲ್ಲಿ ಕೂತಿದ್ದ, ಮಲಗಿದವನ ಅಕ್ಕ ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕೆಲಸ. ಎಷ್ಟು ತೊಳೆದರೂ ಬೆರಳುಗಳಿಂದ ಅಂಟಿನ ವಾಸನೆ ಹೋಗುತ್ತಿರಲಿಲ್ಲ; ತಮ್ಮ ಅವಳನ್ನು ಗುರುತಿಸುತ್ತಿದ್ದುದು ಆ ವಾಸನೆಯಿಂದಲೇ. ಮೂರನೆಯ ಮಹಡಿಯ ಮನೆ, ಲಿಫ್ಟ್ ಇಲ್ಲ, ತನ್ನ ಮಂಡಿ ನೋವು ಎಂದು, ಅವನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದ ಕಾರಣಗಳನ್ನು ಅವಳು ಯಾರೂ ಕೇಳದಿದ್ದರೂ ಹೇಳುತ್ತಿದ್ದಳು. ಇವತ್ತು ಅವಳ ಮಡಿಲ ಚೀಲದಲ್ಲಿ ಒಂದು ಕಾಗದವಿತ್ತು. ತಮ್ಮನ ಹೊಟ್ಟೆಗೆ ರಂಧ್ರ ಮಾಡಿ, ನಳಿಕೆ ಕೂರಿಸಿ, ಇನ್ನು ಮುಂದೆ ಆಹಾರವನ್ನು ಅದರ ಮೂಲಕವೇ ಹರಿಸಲು ಒಪ್ಪಿಗೆ ಕೇಳುವ ಕಾಗದ. ಕೆಳಗೆ ಸಹಿಗೆಂದು ಬಿಟ್ಟ ಜಾಗ ಖಾಲಿಯಿತ್ತು.

ಮಂಚದ ಮೇಲಿನ ಸಾಹೇಬರು ಕಣ್ಣು ತೆರೆದರು. ಕಿಟಕಿಯ ಕಡೆ ದೃಷ್ಟಿ ಎತ್ತಿದರು.

"ಮಂಜೂರಾಯ್ತು," ಎಂದಳು ಆಯಮ್ಮ. ಅವರ ಎಡಗೆನ್ನೆಯ ಕೆಳಗೆ ಬೆರಳಿನಿಂದ ಮೆಲ್ಲಗೆ ಎರಡು ಸಲ ಮುಟ್ಟಿದಳು. ಬಾಯಿ ತೆರೆಯಿತು. ಚಮಚ ಒಳಗೆ ಹೋಗಿ ಬರಿದಾಗಿ ಬಂತು. ಕಣ್ಣು ಮತ್ತೆ ಮುಚ್ಚಿತು.

ಹುಟ್ಟಿನಿಂದಲೂ ಅವರಿಗೆ ಮಾತಿಲ್ಲ. ಕೈಕಾಲು ಅವರ ಮಾತು ಕೇಳುವುದಿಲ್ಲ. ಆದರೆ ಭಾಷೆಯಿತ್ತು. ಕಿಟಕಿಯತ್ತ ನೋಟ ಎತ್ತಿದರೆ ಹೌದು. ಗೋಡೆಗೆ ಮುಖ ತಿರುಗಿಸಿದರೆ ಬೇಡ. ಕಣ್ಣು ಮುಚ್ಚಿದರೆ ತಾಳು. ನುಂಗುವುದು ಇನ್ನೂ ಮುಗಿದಿಲ್ಲ, ತಾಳು. ಗಂಟಲ ಸ್ನಾಯುಗಳು ಒಂದೊಂದು ತುತ್ತಿಗೂ ಒಂದನ್ನೊಂದು ಕೂಗಿ ಕರೆದು ಒಟ್ಟುಗೂಡಬೇಕಾಗಿತ್ತು. ಎಲ್ಲರನ್ನೂ ಕಾಯಿಸುತ್ತಾರೆಂದೇ ಸಾಹೇಬರು ಎಂಬ ಹೆಸರು ಬಂದದ್ದು. ಇಟ್ಟವಳು ಆಯಮ್ಮ. ಮೊದಲ ಸಲ ಆ ಹೆಸರು ಕೇಳಿದ ದಿನ ಅವರು ಎಷ್ಟು ನಕ್ಕಿದ್ದರೆಂದರೆ ಮಂಚದ ಚಕ್ರಗಳು ಕಿರುಗುಟ್ಟಿದ್ದವು.

ಬಾಗಿಲು ಧಡ್ ಎಂದಿತು. ಸಾಹೇಬರ ಎರಡೂ ತೋಳುಗಳು ಹೆದರಿದ ಹಕ್ಕಿಯ ರೆಕ್ಕೆಗಳಂತೆ ಮೇಲಕ್ಕೆ ಹಾರಿದವು. ಚಮಚ ಹೊದಿಕೆಯ ಮೇಲೆ ಬಿತ್ತು. ಒಳಗೆ ಬಂದವಳು ಹೊಸ ಕೆಲಸದಾಕೆ. ಕೈಯಲ್ಲಿ ಊಟದ ತಳ್ಳುಗಾಡಿ, ಕೊರಳಲ್ಲಿ ನೇತಾಡುವ ಕಂಪನಿಯ ಮೊಬೈಲು.

"ಅಯ್ಯೋ, ತಪ್ಪಾಯ್ತು."

"ಹಿಡಿಕೆ ಕೆಳಗೆ ಒತ್ಕೊಂಡೇ ಬಾಗಿಲು ಎಳೀಬೇಕು ಕಣಮ್ಮ. ಪೂರ್ತಿ ಮುಚ್ಚಿದ ಮೇಲೆ ಮೆಲ್ಲಗೆ ಬಿಡೋದು," ಎಂದಳು ಆಯಮ್ಮ, ಹಾರಿದ ತೋಳುಗಳನ್ನು ಒಂದೊಂದಾಗಿ ಇಳಿಸುತ್ತ. "ನೀನು ಬಂದಿದ್ದು ಪಕ್ಕದ ಬೀದಿಗೂ ಗೊತ್ತಾಯ್ತು."

ಆರು ತಿಂಗಳ ಕೆಳಗೆ ಈ ಆರೈಕೆ ಕೇಂದ್ರವನ್ನು ಗುತ್ತಿಗೆಗೆ ಕೊಟ್ಟಿದ್ದರು. ಬಂದ ಕಂಪನಿ ಮೊದಲು ಗೋಡೆಗಳಿಗೆ ಬಣ್ಣ ಬಳಿಸಿತು, ಆಮೇಲೆ ಸಂಬಳದ ಮೂರರಲ್ಲೊಂದು ಪಾಲು ಕಡಿತ ಮಾಡಿತು. ಸಾಹೇಬರ ತಲೆದಿಂಬಿನ ಮೇಲ್ಗಡೆ ಆಯಮ್ಮ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ ಹಾಳೆ, ಕಣ್ಣು ಮುಚ್ಚಿದರೆ ತಾಳಿ ಎಂದಿದ್ದದ್ದು, ಹೊಸ ಬಣ್ಣದ ಅಡಿಯಲ್ಲಿ ನಾಲ್ಕು ಅಂಟಿನ ಉಬ್ಬುಗಳಾಗಿ ಉಳಿದಿತ್ತು. ಹಳೆಯ ಒಂಬತ್ತು ಮಂದಿಯಲ್ಲಿ ಏಳು ಮಂದಿ ಬಿಟ್ಟುಹೋದರು. ಉಳಿದಿಬ್ಬರಲ್ಲಿ ಒಬ್ಬಳಾದ ಆಯಮ್ಮನನ್ನು ಕಂಪನಿ ತನ್ನ ಮೂರು ಕಟ್ಟಡಗಳಿಗೆ ಸರದಿಯಲ್ಲಿ ಓಡಾಡಿಸಿತು. ಕಳೆದ ಹದಿನೈದು ದಿನ ಅವಳು ಈ ಕೋಣೆಯ ಮುಖ ನೋಡಿರಲಿಲ್ಲ. ಆ ಹದಿನೈದು ದಿನಗಳಲ್ಲಿ ಸಾಹೇಬರು ಹತ್ತೊಂಬತ್ತು ಸಲ ಊಟ ಬೇಡವೆಂದರೆಂದು ದಾಖಲಾಯಿತು. ನಾಲ್ಕು ಕಿಲೋ ಇಳಿದರು. ನಳಿಕೆಯ ಕಾಗದ ಸಿದ್ಧವಾಯಿತು.

ಇವತ್ತು ಆಯಮ್ಮನ ಕೊನೆಯ ದಿನ. ನಾಳೆಯಿಂದ ಒಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ. ಸಂಜೆ ನಾಲ್ಕಕ್ಕೆ ಕೊರಳ ಗುರುತಿನ ಚೀಟಿ ಹಿಂದಿರುಗಿಸಬೇಕು. ಬೇರೆ ಯಾರೋ ಬರಲಿಲ್ಲವೆಂದು ಇವತ್ತು ಅವಳನ್ನು ಈ ಕೋಣೆಗೆ ಹಾಕಿದ್ದರು. ಅವಳೇ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, ಸಹಿ ಹಾಕುವ ಮುಂಚೆ ಒಂದು ಸಲ ಊಟದ ಹೊತ್ತಿಗೆ ಬಂದು ನೋಡಿ ಎಂದಿದ್ದಳು.

"ಆಯಮ್ಮ, ಬೇಜಾರು ಮಾಡ್ಕೋಬೇಡಿ," ಎಂದಳು ಹೊಸಬಳು. ಮೂವತ್ತೈದು ದಾಟಿದ್ದ ಹೆಂಗಸು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಆ ಹತ್ತೊಂಬತ್ತರಲ್ಲಿ ಎಂಟು ನಂದೇ. ನೋಡಿ ಇಲ್ಲಿ." ಮೊಬೈಲು ಎತ್ತಿ ತೋರಿಸಿದಳು. "ಮೂರೇ ಇರೋದು ಇದ್ರಲ್ಲಿ. ತಿಂದರು, ಅರ್ಧ ತಿಂದರು, ಬೇಡವೆಂದರು. ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ. ಇವರು ಕಣ್ಣು ಮುಚ್ಕೊಂಡು ಮಲಗಿಬಿಟ್ರೆ ನಾನು ಯಾವುದನ್ನ ಒತ್ತಲಿ, ಹೇಳಿ?"

"ಮಲಗಿರಲ್ಲ. ಕೆಲಸದಲ್ಲಿ ಇರ್ತಾರೆ."

"ಅದು ನಂಗ್ ಯಾರು ಹೇಳಿದ್ರು?"

ಆಯಮ್ಮ ತಲೆದಿಂಬಿನ ಮೇಲ್ಗಡೆಯ ನಾಲ್ಕು ಉಬ್ಬುಗಳನ್ನು ನೋಡಿದಳು. ಹೊಸಬಳು ಮುಂದಿನ ಕೋಣೆಗೆ ಹೋದಳು. ಹೋಗುವಾಗ ಹಿಡಿಕೆ ಒತ್ತಿ ಹಿಡಿದಿದ್ದಳು, ಆದರೆ ಬೇಗ ಬಿಟ್ಟಳು.

ಮೂವತ್ತೆಂಟನೆಯ ನಿಮಿಷಕ್ಕೆ ಬಟ್ಟಲು ಖಾಲಿಯಾಯಿತು. ಅಕ್ಕ ಬಟ್ಟಲನ್ನು ಎತ್ತಿ, ಅದರ ತಳವನ್ನು ಬೆಳಕಿಗೆ ಹಿಡಿದು, ಪುಸ್ತಕದ ಹೊಲಿಗೆ ಪರೀಕ್ಷಿಸುವವಳಂತೆ ನೋಡಿದಳು.

"ನೋಡಿದ್ರಾ?" ಎಂದಳು ಆಯಮ್ಮ. "ಬೇಡ ಅಂದ ಬಾಯಿನಾ ಇದು?"

"ನಾನು ಸಹಿ ಹಾಕಲ್ಲ," ಎಂದಳು ಅಕ್ಕ. ಗಟ್ಟಿಯಾಗಿ, ತಮ್ಮನಿಗೂ ಕೇಳಲಿ ಎಂಬಂತೆ. "ನಿಂಗೆ ರುಚಿ ಅಂತ ಇರೋದು ಇದೊಂದೇ ಕಣೋ ಪುಟ್ಟ. ಇದನ್ನೂ ಕಿತ್ಕೊಳ್ಳೋಕೆ ನಾನು ಬಿಡಲ್ಲ."

ಸಾಹೇಬರು ಕಿಟಕಿಯತ್ತ ನೋಡಿದರು. ತುಂಬ ಹೊತ್ತು ಅಲ್ಲಿಂದ ದೃಷ್ಟಿ ತೆಗೆಯಲಿಲ್ಲ.

ಸೂಪರ್‌ವೈಸರ್ ಬಂದದ್ದು ಎರಡೂವರೆಗೆ. ಹಳೆಯ ಒಂಬತ್ತು ಮಂದಿಯಲ್ಲಿ ಉಳಿದ ಇನ್ನೊಬ್ಬ ಆತ. ಕಂಪನಿಯ ಅಂಗಿ ತೊಟ್ಟ ಮೇಲೆ ಮಾತು ಕಡಿಮೆಯಾಗಿತ್ತು. ಅಕ್ಕ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಕೇಳಿದ.

"ತಿಂತಾರೆ ಮೇಡಂ. ತಿನ್ನಲ್ಲ ಅಂತ ನಾನೂ ಹೇಳಲ್ಲ. ನಾನೇನು ಕಟುಕನಾ? ಈ ಮಂಚನ ನಾನೂ ಎತ್ತಿ ಇಳಿಸಿದ್ದೀನಿ. ಆದ್ರೆ ಆಯಮ್ಮ ನಾಳೆ ಇರಲ್ಲ. ಹಗಲಿಗೆ ಹದಿನಾಲ್ಕು ಜನಕ್ಕೆ ಇಬ್ಬರು. ಮೂವತ್ತೆಂಟು ನಿಮಿಷ ನಾನು ಎಲ್ಲಿಂದ ತರ್ಲಿ?"

"ನಾನೇ ಬಂದು ತಿನ್ನಿಸ್ತೀನಿ."

"ಭಾನುವಾರ ಬನ್ನಿ, ಬೇಡ ಅನ್ನಲ್ಲ. ದಿನಕ್ಕೆ ಮೂರು ಹೊತ್ತು, ಏಳು ದಿನ ಬರ್ತೀರಾ?"

ಅಕ್ಕ ಆಯಮ್ಮನ ಕಡೆ ತಿರುಗಿದಳು. "ನೀವು ಇದ್ದುಬಿಡಬಾರದಾ?" ಕೇಳಬಾರದ್ದನ್ನು ಕೇಳಿದೆನೆಂದು ಮುಖವೇ ಹೇಳುತ್ತಿತ್ತು.

"ಇದ್ರೂ ಈ ಕೋಣೆ ನಂಗೆ ಸಿಗೋದು ವಾರಕ್ಕೊಂದು ಸಲ ಅಮ್ಮಾ," ಎಂದಳು ಆಯಮ್ಮ. "ಈ ಸಂಬಳದಲ್ಲಿ ನಮ್ಮನೇಲೂ ಒಂದು ಹೊತ್ತು ಬೇಡವೆಂದರು ಅಂತ ಬರ್ಕೋಬೇಕಾಗುತ್ತೆ." ಆಮೇಲೆ, ಮಾತು ಭಾರವಾಯಿತೆಂದು ನಕ್ಕಳು. "ಹೋಟೆಲಿನ ಬೆಡ್‌ಶೀಟುಗಳಾದ್ರೆ ಕೆಮ್ಮಲ್ಲ. ಎಷ್ಟು ಬೇಗ ಒಗೆದ್ರೂ ಸುಮ್ನಿರ್ತಾವೆ."

ಅವಳು ಹೊದಿಕೆಯ ಮೇಲಿನ ಕ್ಯಾರೆಟ್ಟಿನ ಕಲೆಯನ್ನು ಒರೆಸತೊಡಗಿದಳು. ಒರೆಸುತ್ತಲೇ ಹೇಳಿದಳು: "ಆ ಹೆಂಗಸಿಗೆ ಕಲಿಸ್ತೀನಿ. ಕೈ ಒಳ್ಳೇದಿದೆ. ಮೂರು ಗಂಟೆಯ ಬಾಳೆಹಣ್ಣು ಅವಳೇ ಕೊಡ್ಲಿ, ನಾನು ಪಕ್ಕದಲ್ಲಿ ನಿಲ್ತೀನಿ. ಕಲಿತ್ರೆ ಒಂದು ಹತ್ತು ನಿಮಿಷ ಜಾಸ್ತಿ ಕೊಡಿ ಸಾಕು."

ಸೂಪರ್‌ವೈಸರ್ ಗಡಿಯಾರ ನೋಡಿದ, ಸಾಹೇಬರನ್ನು ನೋಡಿದ. "ಸರಿ. ಕಲಿತರೆ ಮೇಲಿನವರ ಹತ್ರ ನಾನೇ ಕೇಳ್ತೀನಿ," ಎಂದ. ಅದು ಅವನು ಆರು ತಿಂಗಳಲ್ಲಿ ಆಡಿದ ದೊಡ್ಡ ಮಾತು.

ಮೂರಕ್ಕೆ ಹೊಸಬಳು ಮಂಚದ ಬಳಿ ಕೂತಳು. ಮೊಣಕೈ ಎಲ್ಲಿ ಊರಬೇಕೆಂದು ಆಯಮ್ಮ ತೋರಿಸಿದಳು. ಸವೆದ ಎಲೆಯ ಗುರುತಿನ ಮೇಲೆ ಇನ್ನೊಂದು ಮೊಣಕೈ ಕೂತಿತು. ಚಮಚ ಅರ್ಧ ತುಂಬಿದರೆ ಸಾಕು. ಕಣ್ಣು ತೆರೆಯಲಿ. ಕಿಟಕಿಯ ಕಡೆ ನೋಡಲಿ. ಆಮೇಲೆ ಕೆನ್ನೆಯ ಕೆಳಗೆ ಎರಡು ಸಲ. ಮೊದಲ ಚಮಚ ಹೋಯಿತು. ಎರಡನೆಯದೂ ಹೋಯಿತು.

"ಈಗ?" ಎಂದು ಪಿಸುಗುಟ್ಟಿದಳು ಹೊಸಬಳು.

"ಈಗ ಬೆಂಚು. ಸಾಹೇಬರು ಒಳಗೆ ಫೈಲು ನೋಡ್ತಿದ್ದಾರೆ."

ಹೊಸಬಳು ನಕ್ಕಳು. ಸಾಹೇಬರ ತುಟಿಯ ಒಂದು ಮೂಲೆಯೂ ಎದ್ದಿತು. ಮೂರನೆಯ ಚಮಚ ಹೋದಾಗ ಅಕ್ಕ ಚೀಲವನ್ನು ಮಡಿಲಿನಿಂದ ತೆಗೆದು ನೆಲಕ್ಕಿಟ್ಟಳು. ಐದನೆಯದು, ಆರನೆಯದು. "ನಂಗಿಂತ ನಾಜೂಕು," ಎಂದಳು ಆಯಮ್ಮ ಅಕ್ಕನಿಗೆ, ಹೆಮ್ಮೆಯಿಂದ. ಅಕ್ಕನಿಗೆ ಕುಡಿಯಲು ನೀರು ಬಗ್ಗಿಸಲೆಂದು ಕಿಟಕಿಯ ಕಡೆ ತಿರುಗಿದಳು.

ಆಗ ಹೊಸಬಳ ಕೊರಳಿನ ಮೊಬೈಲು ಕೂಗಿತು. ಹನ್ನೆರಡು ನಿಮಿಷ. ಅದರ ಹಿಂದೆಯೇ ಎದುರು ಕೋಣೆಯ ಗಂಟೆ ಒಂದು ಸಲ, ಮತ್ತೊಂದು ಸಲ ಬಾರಿಸಿತು. ಅಲ್ಲಿಯ ಮುದುಕ ಶೌಚಕ್ಕೆ ಹೋಗಬೇಕಾದಾಗ ಬಾರಿಸುವುದು ಹಾಗೆ. ಮೊನ್ನೆ ತಡವಾಗಿ ಆತ ಬಿದ್ದಿದ್ದ. ಹೊಸಬಳ ಕಣ್ಣು ಬಾಗಿಲಿಗೆ ಹೋಯಿತು. ಇನ್ನೊಂದೇ ಚಮಚ, ಬಟ್ಟಲಲ್ಲಿ ಉಳಿದದ್ದು. ಅವಳ ಬೆರಳು ತಾನು ಈಗಷ್ಟೇ ಕಲಿತದ್ದನ್ನು ತಾನಾಗಿ ಮಾಡಿತು: ಎಡಗೆನ್ನೆಯ ಕೆಳಗೆ, ಮೆಲ್ಲಗೆ, ಎರಡು ಸಲ.

ಸಾಹೇಬರ ಕಣ್ಣು ಮುಚ್ಚಿಯೇ ಇತ್ತು. ಆದರೆ ಹನ್ನೊಂದು ವರ್ಷದಲ್ಲಿ ಆ ಸ್ಪರ್ಶ ಒಮ್ಮೆಯೂ ಅವರಿಗೆ ಮೋಸ ಮಾಡಿರಲಿಲ್ಲ. ಬಾಯಿ ತೆರೆಯಿತು.

ಕೆಮ್ಮಿನ ಸದ್ದಿಗಿಂತ ಮೊದಲು ಬಂದದ್ದು ಸದ್ದಿಲ್ಲದಿರುವಿಕೆ. ಆಯಮ್ಮ ತಿರುಗಿ ನೋಡುವಷ್ಟರಲ್ಲಿ ತುಟಿ ನೀಲಿಗೆ ತಿರುಗಿತ್ತು. ಲೋಟ ಎಲ್ಲಿ ಇಟ್ಟಳೋ, ಇಟ್ಟಳೋ ಇಲ್ಲವೋ. ಅವರನ್ನು ತನ್ನ ತೋಳಿನ ಮೇಲೆ ಮುಂದಕ್ಕೆ ಬಾಗಿಸಿ ಬೆನ್ನಿನ ನಡುವೆ ಅಂಗೈಯಿಂದ ಹೊಡೆದಳು. ಮತ್ತೆ ಹೊಡೆದಳು. ಕೊನೆಗೊಮ್ಮೆ ಬಂತು ಕೆಮ್ಮು, ಹರಿದ ಬಟ್ಟೆಯಂಥ ಕೆಮ್ಮು, ಅದರ ಹಿಂದೆ ಉಸಿರು. ಬಣ್ಣ ನಿಧಾನವಾಗಿ ಮುಖಕ್ಕೆ ಮರಳಿತು. ಎದುರು ಕೋಣೆಯ ಗಂಟೆ ಇನ್ನೂ ಬಾರಿಸುತ್ತಲೇ ಇತ್ತು.

"ನೀವು ಹೇಳಿದ ಹಾಗೇ ಮುಟ್ಟಿದೆ," ಎಂದಳು ಹೊಸಬಳು. ಚಮಚ ಇನ್ನೂ ಕೈಯಲ್ಲೇ ಇತ್ತು. "ಎರಡು ಸಲ. ನೀವು ಹೇಳಿದ ಹಾಗೇ."

"ಹೌದು ಕಣಮ್ಮ. ನೀನು ಹೋಗು, ಆ ಅಜ್ಜ ಬೀಳ್ತಾರೆ. ಹೋಗು."

ಅವಳು ಓಡಿದಳು. ಅಕ್ಕ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತಮ್ಮನ ಉಸಿರು ಸಮವಾಗುವವರೆಗೆ ಹಾಗೆಯೇ ನಿಂತಿದ್ದು, ಬಗ್ಗಿ ಚೀಲ ಎತ್ತಿಕೊಂಡಳು. ಕಾಗದವನ್ನು ಬಟ್ಟಲಿನ ಪಕ್ಕದಲ್ಲಿ ಹರವಿ, ಮಡಿಕೆಯನ್ನು ಹೆಬ್ಬೆರಳಿನಿಂದ ನೀವಿದಳು. ಕಾಗದ ಮಡಿಕೆಯಾದರೆ ಅವಳ ಕೈ ಸುಮ್ಮನಿರದು. ಸಹಿ ಹಾಕಿದಳು.

"ಬೈಕೋಬೇಡ ಪುಟ್ಟ," ಎಂದಳು. "ನೀನು ಇರ್ಬೇಕಲ್ಲ."

ಅಂಟಿನ ವಾಸನೆಯ ಬೆರಳುಗಳನ್ನು ಅವನ ಮೂಗಿನ ಬಳಿ ತುಸು ಹೊತ್ತು ಹಿಡಿದಿದ್ದು, ಕಾಗದವನ್ನು ಕಚೇರಿಗೆ ಕೊಡಲು ಕುಂಟುತ್ತ ಹೊರಟಳು.

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆಯಮ್ಮ ಚೆಲ್ಲಿದ ನೀರು ಒರೆಸಿದಳು. ಚಮಚವನ್ನು ತೊಳೆದು, ಒರೆಸಿ, ಕಿಟಕಿಯ ಮೇಲಿನ ಲೋಟದಲ್ಲಿ ಎಂದಿನಂತೆ ನಿಲ್ಲಿಸಿದಳು. ಇನ್ನು ಅದು ಬೇಕಾಗುವುದಿಲ್ಲವೆಂಬುದು ನಿಲ್ಲಿಸಿದ ಮೇಲೆ ನೆನಪಾಯಿತು. ದಿಂಬು ಸರಿಪಡಿಸಿದಳು. ಸಾಹೇಬರ ಕಣ್ಣುಗಳು ಅವಳು ಹೋದಲ್ಲೆಲ್ಲ ಹೋಗುತ್ತಿದ್ದವು.

"ನಂದೇ ತಪ್ಪು," ಎಂದಳು. "ಕಾಯೋದನ್ನ ಒಂದೇ ಮಧ್ಯಾಹ್ನದಲ್ಲಿ ಕಲಿಸೋಕೆ ಹೋದೆ."

ಅವರು ನೋಡುತ್ತಲೇ ಇದ್ದರು.

"ಹೊರಡ್ಲಾ ಸಾಹೇಬ್ರೇ? ಹೋಗಿ..." ಹೋಗಿ ಬರ್ತೀನಿ ಎಂಬ ಮಾತಿನ ಉಳಿದರ್ಧ ನಾಲಿಗೆಯ ಮೇಲೆಯೇ ನಿಂತಿತು.

ಸಾಹೇಬರು ಕಣ್ಣು ಮುಚ್ಚಿದರು.

ಆಯಮ್ಮ ನಿಂತಳು. ಹನ್ನೊಂದು ವರ್ಷದ ಅಭ್ಯಾಸದಂತೆ ಅವಳ ಮೊಣಕೈ ತಾನಾಗಿ ಪಟ್ಟಿಯ ಮೇಲೆ ಸವೆದ ಜಾಗ ಹುಡುಕಿಕೊಂಡಿತು. ಗಂಟಲು ನೋಡಿದಳು, ನುಂಗುವಂಥದು ಏನೂ ಇರಲಿಲ್ಲ, ಆದರೂ ಅದು ಅಲುಗುತ್ತಿತ್ತು. ಗಡಿಯಾರದ ಮುಳ್ಳು ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಹೊರಗಿನ ಓಣಿಯಲ್ಲಿ ಸೂಪರ್‌ವೈಸರನ ದನಿ ಅವಳನ್ನು ಒಮ್ಮೆ ಕರೆಯಿತು. ರೆಪ್ಪೆಗಳು ತೆರೆಯಲಿಲ್ಲ. ನಾಲ್ಕಾಯಿತು. ಕೊರಳಿನಿಂದ ಚೀಟಿಯ ದಾರ ತೆಗೆದು ಕೈಗೆ ಸುತ್ತಿಕೊಂಡು ಇನ್ನೂ ಸ್ವಲ್ಪ ಹೊತ್ತು ನಿಂತಳು.

ಎರಡನೆಯ ಸಲ ಕರೆದಾಗ ಮೊಣಕೈ ತೆಗೆದಳು. ಹಿಮ್ಮಡಿ ಊರದೆ ಬಾಗಿಲವರೆಗೆ ನಡೆದಳು. ಹಿಡಿಕೆಯನ್ನು ಕೆಳಗೆ ಒತ್ತಿ, ಒತ್ತಿಕೊಂಡೇ ಹೊರಗೆ ನಿಂತು ಎಳೆದಳು, ಪೂರ್ತಿ ಮುಚ್ಚಿದ ಮೇಲೆ ಮೆಲ್ಲಗೆ ಬಿಟ್ಟಳು. ಬಾಗಿಲು ಸದ್ದು ಮಾಡಲಿಲ್ಲ. ಒಳಗೆ, ಹೊದಿಕೆಯ ಮೇಲೆ, ಆ ಎರಡು ತೋಳುಗಳು ಇದ್ದಲ್ಲೇ ಇದ್ದವು.