ಚಪ್ಪಟೆ ಕ್ಯಾಬಿನೆಟ್ಟು

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹರೀಶ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ. ಅವನಿಗೆ ಕಂಪ್ಯೂಟರ್ ಕೂಡ ಗೊತ್ತಿತ್ತು. ಎರಡು ವರ್ಷದ ಹಿಂದೆ, ತೊಂಬತ್ತಮೂರರಲ್ಲಿ, ಶಿವಮೊಗ್ಗದಲ್ಲಿ ಆರು ತಿಂಗಳ ಹಾರ್ಡ್‌ವೇರ್ ಕೋರ್ಸು ಮಾಡಿ ಇಡೀ ತಂಡಕ್ಕೆ ಮೊದಲಿಗನಾಗಿ ಬಂದಿದ್ದ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಸಾಲ್ಡರಿಂಗ್ ಮೇಜಿನ ಮೇಲುಗಡೆ ತೂಗುಹಾಕಿದ್ದ. ಕುರಿ ಮೇಯಿಸಿಕೊಂಡು ವರ್ಷದಲ್ಲಿ ಅರ್ಧ ಕಾಲ ಊರೂರು ತಿರುಗುವ ಅವನ ಅಪ್ಪ ಬಂಗಾರಪ್ಪ ಅಂಗಡಿಗೆ ಬಂದಾಗಲೆಲ್ಲ ಅದರ ಗಾಜನ್ನು ಪಂಚೆಯ ಚುಂಗಿನಿಂದ ಒರೆಸುತ್ತಿದ್ದ. ಆದರೆ ಕಲಿತ ವಿದ್ಯೆಗೆ ಊರಿನಲ್ಲಿ ಕೆಲಸವಿರಲಿಲ್ಲ. ತನ್ನದೇ ಒಂದು ಕಂಪ್ಯೂಟರ್ ಇಟ್ಟುಕೊಳ್ಳುವ ಮಾತು ಅವನಿಗೆ ದೂರವೇ ಉಳಿದಿತ್ತು.

ಅದೇ ಕೋರ್ಸಿನಲ್ಲಿ ಸೊರಬದ ಗಂಗಾಶ್ರೀ ಎಂಬ ಹುಡುಗಿ ಇದ್ದಳು. ತಂಡಕ್ಕೆಲ್ಲ ಒಬ್ಬಳೇ ಹುಡುಗಿ. ಮೇಷ್ಟರು ಹೇಳಿದ್ದು ಅರ್ಥವಾಗದಿದ್ದಾಗ ಅವಳು ಮೇಷ್ಟರನ್ನು ಕೇಳುತ್ತಿರಲಿಲ್ಲ, ಹರೀಶನನ್ನು ಕೇಳುತ್ತಿದ್ದಳು. ಅವನು ಸ್ಕ್ರೂ ತಿರುಗಿಸುತ್ತ ಬಾಯಲ್ಲಿ ಹೇಳಿದ್ದೆಲ್ಲ ದುಂಡು ಅಕ್ಷರದಲ್ಲಿ ಅವಳ ನೋಟ್‌ಪುಸ್ತಕಕ್ಕೆ ಇಳಿಯುತ್ತಿತ್ತು. ಹಾಗೆ ಕೇಳಿಸಿಕೊಳ್ಳುವುದು ಅವನಿಗೆ ಹಿತವಾಗಿತ್ತು. ತಾನು ಹೇಳುವವನು, ಅವಳು ಬರೆದುಕೊಳ್ಳುವವಳು. ಈ ಲೆಕ್ಕ ಯಾವತ್ತಾದರೂ ತಿರುಗೀತು ಎಂದು ಅವನು ಎಣಿಸಿರಲಿಲ್ಲ.

ತೊಂಬತ್ತೈದರ ದೀಪಾವಳಿ ಕಳೆದ ಮೇಲೆ ಅವಳಿಂದ ಒಂದು ಅಂಚೆ ಕಾರ್ಡು ಬಂತು. ಅಪ್ಪ ಕಂಪ್ಯೂಟರ್ ಕೊಡಿಸಲು ಒಪ್ಪಿದ್ದಾರೆ, ಅವರ ಅಂಗಡಿಯಲ್ಲೇ ಇಟ್ಟುಕೊಂಡು ಟೈಪಿಂಗ್ ಕೆಲಸ ಶುರು ಮಾಡುತ್ತೇನೆ, ಬಿಡಿಭಾಗಗಳನ್ನು ಶಿವಮೊಗ್ಗದ ಡೀಲರು ನಿನ್ನ ಅಂಗಡಿಗೇ ಕಳಿಸುತ್ತಾರೆ, ನೀನೇ ಜೋಡಿಸಿಕೊಡಬೇಕು. ಆರಿಸಿಕೊಳ್ಳಲೆಂದು ಎರಡು ಖಾಲಿ ಕ್ಯಾಬಿನೆಟ್ಟು ಮೊದಲು ಬರುತ್ತವೆ, ಗುರುವಾರ ನಾನೂ ಅಪ್ಪನೂ ಬಂದು ನೋಡುತ್ತೇವೆ. ಇಷ್ಟೇ ಇತ್ತು. ಹರೀಶ ಅದನ್ನು ಮೂರು ಸಲ ಓದಿದ. ಮಧ್ಯಾಹ್ನ ಬುತ್ತಿ ತಂದ ಅವನ ತಾಯಿ ಹಾಲಮ್ಮ ಮಗನ ಮುಖ ನೋಡಿ, ಯಾರಾದರೂ ತೀರಿಕೊಂಡರೇನೋ ಎಂದು ಕೇಳಿದಳು.

ಅವನು ಕಾರ್ಡನ್ನು ಮೇಜಿನ ಖಾನೆಗೆ ಹಾಕಿ ರೊಟ್ಟಿ ಮುರಿದ. ನಾನು ಹೇಳಿಕೊಟ್ಟವಳ ಮನೆಗೆ ಕಂಪ್ಯೂಟರ್ ಬರುತ್ತದೆ. ನಾನು ಅದನ್ನು ಜೋಡಿಸಿ, ಒರೆಸಿ, ಬಸ್ಸು ಹತ್ತಿಸಿ ಕಳಿಸಿ, ಮತ್ತೆ ರೇಡಿಯೋದ ಧೂಳು ಊದುತ್ತ ಕೂರಬೇಕು. ಈ ಮಾತು ಎರಡು ದಿನ ಅವನ ತಲೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತಿತು.

ಬುಧವಾರ ಬಸ್ಸಿನ ಟಾಪಿನ ಮೇಲೆ ಕ್ಯಾಬಿನೆಟ್ಟುಗಳು ಬಂದವು. ಒಂದು ಎತ್ತರದ್ದು, ನಿಂತ ಪೆಟ್ಟಿಗೆ. ಇನ್ನೊಂದು ಚಪ್ಪಟೆ, ಅರ್ಧ ಗೇಣು ದಪ್ಪ, ಮೇಜಿನ ಮೇಲೆ ಮಲಗಿಸಿ ಮೇಲೆ ಮಾನಿಟರ್ ಇಡುವಂಥದ್ದು. ಹರೀಶ ಎರಡರ ಮುಚ್ಚಳವನ್ನೂ ತೆಗೆದು ನೋಡಿದ. ಎತ್ತರದ್ದರಲ್ಲಿ ಖಾಲಿ ಮನೆಯಷ್ಟು ಜಾಗವಿತ್ತು. ಚಪ್ಪಟೆಯದರಲ್ಲಿ ಬೇರೆಬೇರೆ ಕೆಲಸಕ್ಕೆ ಸೇರಿಸುವ ಸರ್ಕಿಟ್ ಹಲಗೆಗಳು, ಅಂದರೆ ಕಾರ್ಡುಗಳು, ಅಡ್ಡಡ್ಡ ಕೂರಬೇಕು, ಅಂಥ ಸ್ಲಾಟ್ ಮೂರೇ. ಎರಡು ಮೊದಲೇ ತುಂಬುತ್ತವೆ. ಮೂರನೆಯದರ ನೇರಕ್ಕೆ ಹಾರ್ಡ್‌ಡಿಸ್ಕಿನ ಗೂಡು ಅಡ್ಡ ಬಂದಿತ್ತು. ಗಿಡ್ಡ ಕಾರ್ಡಾದರೆ ಸರಿ, ಉದ್ದದ್ದು ಕೂರುವುದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರಬೇಕಾದರೆ ಹಾಕುವ ಕಾರ್ಡನ್ನು ಅವನು ಕೋರ್ಸಿನಲ್ಲಿ ಕೈಯಲ್ಲಿ ಹಿಡಿದು ನೋಡಿದ್ದ. ಒಂದೂವರೆ ಗೇಣು ಉದ್ದ. ಸೊರಬದಂಥ ಊರಿನಲ್ಲಿ ಅಂಗಡಿ ತೆರೆದವರಿಗೆ ಇಂದಲ್ಲ ನಾಳೆ ಕನ್ನಡ ಬೇಕೇ ಬೇಕು.

ಗುರುವಾರ ಅಪ್ಪ ಮಗಳು ಬಂದರು. ಅಪ್ಪ ನಾಗರಾಜಪ್ಪ ಸೊರಬದಲ್ಲಿ ಕಿರಾಣಿ ಸಗಟು ವ್ಯಾಪಾರಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ, ಮಾತು ಕಡಿಮೆ. ಅವರು ಎತ್ತರದ ಪೆಟ್ಟಿಗೆಯನ್ನು ಎರಡು ಸಲ ತಟ್ಟಿ, ಅಂಗಡಿಗೆ ಬಂದವರ ಕಣ್ಣಿಗೆ ಬೀಳುವಂತಿದ್ದರೆ ಒಳ್ಳೆಯದು, ಇದೇ ಇರಲಿ ಎಂದರು. ಗಂಗಾಶ್ರೀ ಮಾತ್ರ ಚಪ್ಪಟೆಯದರ ಮುಂದೆಯೇ ನಿಂತಿದ್ದಳು. ಅಪ್ಪನ ಅಂಗಡಿಯಲ್ಲಿ ಅವಳಿಗೆ ಸಿಕ್ಕಿದ್ದು ತಕ್ಕಡಿಗೂ ಗೋಡೆಗೂ ನಡುವಿನ ಎರಡೂವರೆ ಅಡಿ ಜಾಗವಂತೆ. ಹರೀಶ ಹೋಟೆಲಿನಿಂದ ಚಹಾ ತಂದುಕೊಟ್ಟ. ಲೋಟ ಹಿಡಿದುಕೊಂಡೇ ಅವಳು ಕೇಳಿದಳು.

“ಮುಂದೆ ಯಾವ್ದಾದ್ರೂ ಕಾರ್ಡ್ ಸೇರಿಸ್ಬೇಕು ಅಂದ್ರೆ ಇದ್ರಲ್ಲಿ ಜಾಗ ಸಾಕಾಗ್ತದಾ ಹರೀಶ?”

“ಸಾಕಾಕ್ಕತಿ. ಒಂದು ಸ್ಲಾಟ್ ಖಾಲೀನೇ ಐತಲ್ಲ,” ಎಂದ ಹರೀಶ.

ಪೂರ್ತಿ ಸುಳ್ಳಲ್ಲ ಎಂಬುದೇ ಹೇಳುವುದನ್ನು ಸಲೀಸು ಮಾಡಿತು. ಆಮೇಲೆ ಅವನು ನಾಗರಾಜಪ್ಪನವರ ಕಡೆ ತಿರುಗಿ, ಎತ್ತರದ್ದು ಹಳೇ ಮಾದರಿ, ದೊಡ್ಡ ಊರುಗಳಲ್ಲಿ ಈಗ ಚಿಕ್ಕದಕ್ಕೇ ಮರ್ಯಾದೆ ಎಂದೂ ಸೇರಿಸಿದ. ತಿಳಿದವನು ಹೇಳಿದ ಮೇಲೆ ಅವರು ವಾದಿಸಲಿಲ್ಲ.

ಬಿಡಿಭಾಗಗಳು ಬಂದವು. ಎರಡು ದಿನದಲ್ಲಿ ಹರೀಶ ಕಂಪ್ಯೂಟರ್ ಜೋಡಿಸಿದ. ಕೈ ಮಾತ್ರ ಮೋಸ ಮಾಡಲಿಲ್ಲ. ತಂತಿಗಳನ್ನು ಜಡೆ ಹೆಣೆದ ಹಾಗೆ ಕಟ್ಟಿದ, ಒಂದು ಸ್ಕ್ರೂ ಕೂಡ ಸಡಿಲ ಬಿಡಲಿಲ್ಲ. ಮೊದಲ ಸಲ ಸ್ವಿಚ್ ಹಾಕಿ ಪರದೆಯ ಮೇಲೆ ಅಂಕಿಗಳು ಓಡಿದಾಗ, ಇದು ನನ್ನದೇ ಎಂದು ಒಂದು ಗಳಿಗೆ ಅನ್ನಿಸಿತು. ಮರುದಿನ ಅದು ಸೊರಬದ ಬಸ್ಸು ಹತ್ತಿತು.

ಆರು ತಿಂಗಳು ಕಾಯೋಣ, ಪೇಚಾಡಿಕೊಂಡು ನನ್ನ ಹತ್ತಿರವೇ ಬರುತ್ತಾಳೆ ಎಂದು ಹರೀಶ ಕಾದ. ಬಂದದ್ದು ಬೇರೆಯದೇ ಸುದ್ದಿ. ತಂದವನು ಸೊರಬದ ಕಡೆಯ ಬಸ್ಸಿನ ಕಂಡಕ್ಟರ್ ರಂಗಪ್ಪ, ಹರೀಶನ ಹತ್ತಿರ ರೇಡಿಯೋ ರಿಪೇರಿ ಮಾಡಿಸುತ್ತಿದ್ದವನು. ನೀನು ಮಾಡಿಕೊಟ್ಟ ಮಷೀನು ಇವತ್ತು ಉಳವಿಗೆ ಹೋಯಿತಪ್ಪ ಎಂದು ಒಂದು ದಿನ ಹೇಳಿದ. ಗಂಗಾಶ್ರೀ ಆ ಚಪ್ಪಟೆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಾಳಂತೆ, ಮಾನಿಟರನ್ನು ಗೋಣಿಚೀಲದಲ್ಲಿ ಹಾಕಿ ಡ್ರೈವರ್ ಸೀಟಿನ ಹಿಂದೆ ಇಡುತ್ತಾರಂತೆ. ಉಳವಿಯಲ್ಲಿ ಅತ್ತೆ ವರದಮ್ಮನ ಮನೆಯ ಪಡಸಾಲೆಯಲ್ಲಿ ಮಷೀನು ಹೂಡಿಕೊಂಡು ಹುಡುಗಿಯರಿಗೆ ಕಲಿಸುತ್ತಾಳಂತೆ. ಮುಂದಿನ ವಾರ ಮತ್ತೊಂದು ಊರು. ಹಾಲಿನ ಸಂಘದವರು ಕರೆಸಿಕೊಂಡರಂತೆ. ಮಷೀನು ಎಲ್ಲೂ ಕೆಡಲಿಲ್ಲವೇ ಎಂದು ಹರೀಶ ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಿದ್ದೇ ಅವನಿಗೆ ನಾಚಿಕೆ ತಂದಿತು.

ಅವಳ ಕೆಲಸ ಬೆಳೆಯಬಾರದೆಂದು ಅವನು ಚಿಕ್ಕ ಪೆಟ್ಟಿಗೆ ಕಟ್ಟಿಕೊಟ್ಟಿದ್ದ. ಚಿಕ್ಕದಾದದ್ದಕ್ಕೇ ಅದಕ್ಕೆ ಕಾಲು ಬಂದಿತ್ತು. ರಂಗಪ್ಪ ಅಂಗಡಿಯಿಂದ ಇಳಿದುಹೋದ ಮೇಲೆ ಹರೀಶ ಸಾಲ್ಡರಿಂಗ್ ಮಾಡುತ್ತ ಕೈತಪ್ಪಿ ರೇಡಿಯೋದೊಳಗಿನ ಒಳ್ಳೆಯ ಟ್ರಾನ್ಸಿಸ್ಟರ್ ಬಿಡಿಭಾಗವೊಂದನ್ನು ಸುಟ್ಟುಹಾಕಿದ. ಎಡಗೈ ಬೆರಳಿಗೂ ಬಿಸಿ ತಾಗಿತು.

ಚೈತ್ರದಲ್ಲಿ ಅವಳ ಎರಡನೆಯ ಅಂಚೆ ಕಾರ್ಡು ಬಂತು. ಮಂಗನ ಕಾಯಿಲೆಗೆ ಲಸಿಕೆ ಹಾಕಿಸಿಕೊಳ್ಳುವವರ ಹೆಸರಿನ ಪಟ್ಟಿ ಮಾಡುವ ಕೆಲಸ ಗಂಗಾಶ್ರೀಗೆ ಸಿಕ್ಕಿತ್ತು. ಕ್ಯಾಸನೂರಿನ ಕಡೆಯ ಹಳ್ಳಿಗಳು, ಮನೆಮನೆಯ ಹೆಸರು, ಎಲ್ಲ ಕನ್ನಡದಲ್ಲೇ ಬೇಕು. ಕನ್ನಡದ ಕಾರ್ಡು ತರಿಸಿದ್ದೇನೆ, ಭಾನುವಾರ ಬಂದು ಕೂರಿಸಿಕೊಡು ಎಂದು ಬರೆದಿದ್ದಳು.

ಹರೀಶನಿಗೆ ಹಬ್ಬವಾಯಿತು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಆಡಬೇಕಾದ ಮಾತು ಹೊಂದಿಸಿದ. ಅಯ್ಯೋ, ನಿಮ್ಮಪ್ಪ ಹೇಳಿದ್ದೇ ಸರಿ ಇತ್ತು ಅನ್ನಬೇಕು. ಬೇಸರ ಮಾಡಿಕೊಂಡವನ ಮುಖ ಮಾಡಬೇಕು. ಎಲ್ಲ ಬಿಚ್ಚಿ ಬೇರೆ ಕ್ಯಾಬಿನೆಟ್ಟಿಗೆ ಹಾಕಬೇಕು, ಅದು ಸಿಗುವ ತನಕ ಕೆಲಸ ನಿಲ್ಲಿಸು ಅನ್ನಬೇಕು.

ಸೊರಬದ ಅಂಗಡಿಯಲ್ಲಿ ನಾಗರಾಜಪ್ಪ ಒಣಮೆಣಸಿನಕಾಯಿ ತೂಗಿಸುತ್ತಿದ್ದರು. ಕೈಯಲ್ಲೇ ಒಳಗೆ ಹೋಗುವಂತೆ ಸನ್ನೆ ಮಾಡಿದರು. ಗಂಗಾಶ್ರೀ ಒಳಗಿನ ಕೋಣೆಯ ಮೇಜು ಖಾಲಿ ಮಾಡಿ, ಪೆಟ್ಟಿಗೆಯ ಕೆಳಗೆ ಬಟ್ಟೆ ಹಾಸಿ ಇಟ್ಟಿದ್ದಳು. ಹರೀಶ ಮುಚ್ಚಳ ತೆಗೆದ. ಕಾರ್ಡನ್ನು ಅಡ್ಡಲಾಗಿ ತಳ್ಳಿದ. ಅರ್ಧ ದಾರಿಗೆ ಅದು ಡಿಸ್ಕಿನ ಗೂಡಿಗೆ ತಾಗಿ ನಿಂತಿತು. ಅವನು ಇನ್ನೊಂದು ಸಲ, ಮತ್ತೊಂದು ಸಲ ತಳ್ಳಿ ನೋಡಿದ ಹಾಗೆ ಮಾಡಿದ.

“ಕೂರಲ್ಲ ಇದು. ದೊಡ್ಡದೇ ತಗೋಬೇಕಿತ್ತು,” ಎಂದ.

ಗಂಗಾಶ್ರೀ ಪೆಟ್ಟಿಗೆಯನ್ನು ನೋಡಲಿಲ್ಲ, ಅವನನ್ನೇ ನೋಡಿದಳು.

“ಕೂರಲ್ಲ ಅಂತ ನಿಂಗೆ ಅವತ್ತೇ ಗೊತ್ತಿತ್ತು.”

ಹೊರಗೆ ತಕ್ಕಡಿಯ ಕಬ್ಬಿಣದ ತಟ್ಟೆ ಸದ್ದು ಮಾಡಿತು. ಹರೀಶ ಕಾರ್ಡನ್ನು ಹೊರಗೆಳೆದು ಬಟ್ಟೆಯ ಮೇಲಿಟ್ಟ.

“ನಂಗೂ ಗೊತ್ತಿತ್ತು,” ಎಂದಳು ಅವಳು. “ನೀನು ಚಹಾ ತರೋಕೆ ಹೋದಾಗ ಗೇಣು ಹಾಕಿ ಅಳೆದೆ. ಆಮೇಲೆ ಕೇಳ್ದೆ, ನೀನು ಏನು ಹೇಳ್ತೀಯ ನೋಡಣ ಅಂತ.”

“ಮತ್ತೆ ಯಾಕ್ ತಗೊಂಡಿ?” ಎಂದು ಕೇಳುವಾಗ ಅವನ ದನಿ ಅವನಿಗೇ ಸಣ್ಣದಾಗಿ ಕೇಳಿತು.

“ಹೊತ್ಕೊಂಡು ಹೋಗಕ್ಕೆ ಆಗೋದು ಇದೇ ಅಲ್ವಾ. ಇಲ್ಲಿ ಮೆಣಸಿನಕಾಯಿ ಘಾಟಲ್ಲಿ ಕೂತ್ರೆ ನನ್ನ ಹತ್ರ ಯಾರು ಬರ್ತಾರೆ? ನಾನೇ ಹೋಗ್ಬೇಕು ಅಂತ ಮೊದ್ಲೇ ಇತ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹರೀಶನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳನ್ನು ಕಟ್ಟಿಹಾಕಿದೆ ಎಂದು ಅವನು ಇಷ್ಟು ತಿಂಗಳು ಒಳಗೊಳಗೇ ಹೆಚ್ಚಳಪಟ್ಟಿದ್ದ. ಅವನ ಕೆಡುಕು ಅವಳಿಗೆ ತಾಗಿಯೇ ಇರಲಿಲ್ಲ. ಕೋರ್ಸಿನಲ್ಲಿ ತಾನು ಹೇಳಿದ್ದನ್ನು ಬರೆದುಕೊಳ್ಳುತ್ತ ಕೂತಿದ್ದವಳು ಆಗಲೂ ತನ್ನನ್ನು ಹೀಗೇ ಅಳೆಯುತ್ತಿದ್ದಳೋ ಏನೋ ಎಂಬ ಯೋಚನೆ ಬಂದು ಕಿವಿ ಬಿಸಿಯಾಯಿತು.

“ಡಿಸ್ಕ್ ಎಲ್ಲಿಗೆ ಸರಿಸಬಹುದು ಹೇಳು,” ಎಂದಳು ಗಂಗಾಶ್ರೀ. “ಅದಕ್ಕೇ ನಿನ್ನ ಕರ್ಸಿದ್ದು. ಡೀಲರ್ ಕಡೆಯವ್ರು ಬಂದ್ರೆ ಡಬ್ಬಿ ಕೊಯ್ದು ಹಾಳು ಮಾಡ್ತಾರೆ. ನಿನ್ನ ಕೈ ಹಂಗಲ್ಲ.”

ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಕಣ್ಣು ಆಗಲೇ ಪೆಟ್ಟಿಗೆಯ ಒಳಗೆ ಜಾಗ ಹುಡುಕುತ್ತಿತ್ತು. ಪವರ್‌ಸಪ್ಲೈನ ಪಕ್ಕದಲ್ಲಿ ಎರಡು ಬೆರಳಗಲದ ಸಂದು ಕಂಡಿತು. ಡಿಸ್ಕನ್ನು ಅಲ್ಲಿ ನಿಲ್ಲಿಸಬಹುದು, ಹಿಡಿಯಲು ಒಂದು ತಗಡಿನ ಪಟ್ಟಿ ಬೇಕು. ನಾಗರಾಜಪ್ಪ ಎಣ್ಣೆ ಡಬ್ಬದ ತಗಡು ಕೊಟ್ಟರು. ಅದು ಮೆದು ಎಂದು ಹರೀಶ ತನ್ನ ಚೀಲದಲ್ಲಿದ್ದ ಹಳೇ ರೇಡಿಯೋದ ಅಲ್ಯೂಮಿನಿಯಂ ತಟ್ಟೆಯನ್ನೇ ಕತ್ತರಿಸಿದ. ಅಂಚು ಅರದಿಂದ ತಿಕ್ಕಿದ, ಮೂಲೆ ಬಗ್ಗಿಸಿದ, ತೂತು ಕೊರೆದ. ಡಿಸ್ಕು ಅದುರದಂತೆ ಸೈಕಲ್ ಟ್ಯೂಬಿನ ತುಂಡು ಕೊಟ್ಟ. ಹಳೆಯ ಗೂಡನ್ನು ಬಿಚ್ಚಿ ಹೊರಗಿಟ್ಟ. ಮಧ್ಯಾಹ್ನ ಮೂರರ ಹೊತ್ತಿಗೆ ಕನ್ನಡದ ಕಾರ್ಡು ಸರಾಗವಾಗಿ ಒಳಗೆ ಹೋಗಿ ಕೂತಿತು. ಪರದೆಯ ಮೇಲೆ ಕನ್ನಡ ಅಕ್ಷರ ಬಂದಾಗ ಗಂಗಾಶ್ರೀ ಕುರ್ಚಿ ಎಳೆದುಕೊಂಡು ಕೂತವಳು ಮತ್ತೆ ಇವನ ಕಡೆ ತಿರುಗಲಿಲ್ಲ. ಒಂದು ಹೆಸರು, ಇನ್ನೊಂದು ಹೆಸರು, ಅವಳ ಬೆರಳು ಓಡಿದವು. ಅವನು ಹಿಂದೆ ನಿಂತು ನೋಡಿದ. ಕೋರ್ಸು ಮುಗಿದ ಮೇಲೆ ತನ್ನ ಕೈಗೆ ಕೀಬೋರ್ಡು ಎಷ್ಟು ಸಲ ಸಿಕ್ಕಿತ್ತು ಎಂದು ಲೆಕ್ಕ ಹಾಕಿದರೆ ಬೆರಳು ಸಾಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಹೊಟ್ಟೆಕಿಚ್ಚು ಕಡಿಮೆಯೇನೂ ಆಗಿರಲಿಲ್ಲ. ಇಷ್ಟು ದಿನ ಅವಳ ಮಷೀನಿನ ಮೇಲಿತ್ತು, ಈಗ ಅವಳ ಮೇಲೇ ಆಯಿತು. ತಪ್ಪಾಯಿತು ಎಂಬ ಒಂದು ಮಾತು ಹೊರಡುವಾಗ ಬಾಯಿಗೆ ಬಂದು ಅಂಗಡಿಯ ಬಾಗಿಲವರೆಗೂ ಇತ್ತು. ಅಲ್ಲಿ ನಾಗರಾಜಪ್ಪ ಬೆಲ್ಲದ ಪೊಟ್ಟಣ ಕೈಗಿಟ್ಟದ್ದರಿಂದ ಅದು ಹಾಗೇ ಒಳಗೆ ಹೋಗಿತ್ತು.

ಒಂದು ತಿಂಗಳು ಅವನು ಸೊರಬದ ಹೆಸರೆತ್ತಲಿಲ್ಲ. ರಂಗಪ್ಪ ಸುದ್ದಿ ತಂದರೆ ಕೇಳಿಸದವನಂತೆ ರೇಡಿಯೋದ ಸದ್ದು ಹೆಚ್ಚಿಸುತ್ತಿದ್ದ. ಕೊನೆಗೆ ಒಂದು ಭಾನುವಾರ ಯಾರೂ ಕರೆಯದೆ ತಾನೇ ಬಸ್ಸು ಹತ್ತಿದ. ಅವಳ ಮೇಜಿನ ಪಕ್ಕ ನಿಂತು, ತಲೆ ತಗ್ಗಿಸಿ, ಅವತ್ತು ಹೊಟ್ಟೆಕಿಚ್ಚಿಗೆ ಹಾಗೆ ಹೇಳಿದೆ ಎಂದ. ಗೊತ್ತು ಎಂದಳು ಅವಳು. ಕನ್ನಡದಲ್ಲಿ ಟೈಪು ಮಾಡುವುದು ನನಗೂ ಕಲಿಸು ಎಂದು ಅವನು ಕೇಳಿದಾಗ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅವಳು ಹೆಸರುಗಳನ್ನು ಓದಿದಳು, ಅವನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಒತ್ತಕ್ಷರ ತಪ್ಪಿದಾಗಲೆಲ್ಲ ಅವಳು ಅವನು ಕೋರ್ಸಿನಲ್ಲಿ ಹೇಳುತ್ತಿದ್ದಷ್ಟೇ ಸಮಾಧಾನದಿಂದ ತಿದ್ದಿದಳು. ಆ ಸಮಾಧಾನವನ್ನು ಸಹಿಸುವುದೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಮಳೆಗಾಲ ಮುಗಿಯುವವರೆಗೆ ಪ್ರತಿ ಭಾನುವಾರ ಹೋಗಿ ಕಲಿತ. ಮರುವರ್ಷ ಸಾಲ ಮಾಡಿ ಶಿಕಾರಿಪುರದಲ್ಲಿ ಅವನದೂ ಒಂದು ಕಂಪ್ಯೂಟರ್ ಆಯಿತು, ಅರ್ಜಿ, ಲಗ್ನಪತ್ರಿಕೆ ಅಂತ ಜನರೂ ಬಂದರು. ಕೆಲಸ ಚೆನ್ನಾಗಿಯೇ ನಡೆಯಿತು. ಆದರೂ ಬಂದವರಲ್ಲಿ ಯಾರಾದರೂ, ಸೊರಬದಲ್ಲಿ ಆ ಹುಡುಗಿ ಇದಕ್ಕಿಂತ ಬೇಗ ಮಾಡಿಕೊಡ್ತಾಳೆ ಕಣ್ರೀ ಎಂದುಬಿಟ್ಟರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಹಾಲಮ್ಮ ಗಂಗಳ ಎತ್ತಿಕೊಂಡು ಹೋಗುವಾಗ ಉಳಿದ ಮುದ್ದೆಯನ್ನು ನೋಡಿ, ಬೆಳಿಗ್ಗೆಗಾಗಲಿ ಎಂದು ಮುಚ್ಚಿಡುತ್ತಿದ್ದಳು.