ಶಿವಶಂಕರನ ತಲೆಯ ಎಡಭಾಗ

ಅಮರಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮನುಷ್ಯರ ತಲೆಬುರುಡೆಗೆ ತೇಪೆ ತಯಾರಿಸುತ್ತಿದ್ದ. ಅಪಘಾತದಲ್ಲಿ ಮೂಳೆ ಪುಡಿಯಾದವರಿಗೆ, ಅವರವರ ಸ್ಕ್ಯಾನಿನ ಅಳತೆಗೆ, ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಮೆಷಿನ್ನಿನಲ್ಲಿ ಕೊರೆಯುವ ಕೆಲಸ. ಬರಿಗೈ ತಾಗಿದರೂ ಆ ತುಂಡು ಕಸಕ್ಕೆ ಹೋಗುತ್ತಿತ್ತು. ಅದು ಯಾರ ತಲೆಗೆಂದು ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಗಾಜಿನ ಕೋಣೆಯೊಳಗೆ ದಿನವಿಡೀ ಅವನೊಬ್ಬನೇ. ಹೆಂಡತಿ ಶೇಖವ್ವ ತೀರಿಕೊಂಡ ಮೇಲೆ ಮಾದನಾಯಕನಹಳ್ಳಿಯ ಬಾಡಿಗೆ ಕೋಣೆಯಲ್ಲೂ ಒಬ್ಬನೇ.

ಒಂದು ಮಧ್ಯಾಹ್ನ ಇಂಜಿನಿಯರ್ ಮೇಘಾ ಅವನನ್ನು ಹೊರಗೆ ಕರೆದರು. ಆಫೀಸಿನಲ್ಲಿ ಟೋಪಿ ಹಾಕಿಕೊಂಡ ಒಬ್ಬಾತ ಕುಳಿತಿದ್ದ.

"ಇವ್ರು ಶಿವಶಂಕರ್. ನೀವು ಮಾಡಿದ ಪ್ಲೇಟ್ ಇವ್ರಿಗೇ ಹಾಕಿದ್ದು. ನಿಮ್ಮನ್ನ ನೋಡ್ಲೇಬೇಕು ಅಂದ್ರು."

ಶಿವಶಂಕರ ಟೋಪಿ ತೆಗೆದು ತಲೆಯ ಎಡಭಾಗ ತೋರಿಸಿದ. "ಇಲ್ಲಿ ಗುಂಡಿ ಬಿದ್ದಿತ್ತು ಅಣ್ಣ. ಮಗಳು ಹತ್ರ ಬರೋಕೇ ಹೆದರ್ತಿದ್ಲು. ಮುಟ್ಟಿ ನೋಡಿ."

ಅಮರಪ್ಪ ಹಿಂಜರಿಯುತ್ತಲೇ ಮುಟ್ಟಿದ. ಹೊಸದಾಗಿ ಹುಟ್ಟಿದ ಕೂದಲು, ಕೆಳಗೆ ಬೆಚ್ಚಗಿನ ಚರ್ಮ. ಅದರಡಿ ತಾನು ಕೊರೆದ ಅಂಚು ಎಲ್ಲಿದೆಯೋ ಬೆರಳಿಗೆ ಸಿಗಲಿಲ್ಲ. ಇನ್ನೊಬ್ಬರ ಮೈ ಮುಟ್ಟಿ ಎಷ್ಟು ಕಾಲವಾಯಿತೆಂದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ.

"ನೋವ ಆಗ್ತದೇನ್ರೀ?"

"ಇಲ್ಲ ಅಣ್ಣ. ಭಾನುವಾರ ಮನೆಗೆ ಊಟಕ್ಕೆ ಬರ್ಬೇಕು."

ಭಾನುವಾರ ಎರಡು ಬಸ್ಸು ಬದಲಿಸಿ ಅಮರಪ್ಪ ಸಿಂಗಸಂದ್ರಕ್ಕೆ ಹೋದ. ಶಿವಶಂಕರನ ಹೆಂಡತಿ ನೀಲಾಂಬಿಕಾ ಹೋಳಿಗೆ ಬಡಿಸುತ್ತ ಕೇಳಿದಳು, "ಅತ್ತಿಗೇನೂ ಕರ್ಕೊಂಡು ಬರೋದಲ್ವಾ ಅಣ್ಣ?"

ಮಗಳು ಅಪ್ಪನ ಹೆಗಲೇರಿ ತಲೆ ತಬ್ಬಿಕೊಂಡು ನಗುತ್ತಿದ್ದಳು. ಅಮರಪ್ಪನ ಬಾಯಲ್ಲಿ ಬಂದದ್ದು, "ಮುಂದಿನ ಸಲ ಕರ್ಕೊಂಡ್ ಬರ್ತೀನ್ರೀ."

ಹೊರಡುವಾಗ ನೀಲಾಂಬಿಕಾ ಅತ್ತಿಗೆಗೆಂದು ಒಂದು ಡಬ್ಬಿ ಹೋಳಿಗೆ ಕಟ್ಟಿಕೊಟ್ಟಳು.

ಕೋಣೆಗೆ ಬಂದು ಡಬ್ಬಿಯನ್ನು ಅಡುಗೆ ಕಟ್ಟೆಯ ಮೇಲಿಟ್ಟ. ಅದನ್ನು ತಿನ್ನಲೂ ಆಗಲಿಲ್ಲ, ಯಾರಿಗಾದರೂ ಕೊಡೋಣವೆಂದರೆ ಮನಸ್ಸು ಒಪ್ಪಲಿಲ್ಲ. ಕೊನೆಗೆ ಶಿವಶಂಕರನಿಗೆ ಫೋನ್ ಮಾಡಿದ. ಎತ್ತಿದ್ದು ನೀಲಾಂಬಿಕಾ.

"ಅತ್ತಿಗೆಗೆ ಇಷ್ಟ ಆಯ್ತಾ ಅಣ್ಣ?"

"ಆಕಿ ಇಲ್ಲವ್ವಾ. ತೀರಿಕೊಂಡು ಎರಡು ವರ್ಷ ಆತು."



"ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ ಅಣ್ಣ?"

"ಎಲ್ಲಾರೂ ನಗಾಕತ್ತಿದ್ರಿ. ಹೆಂಗ ಹೇಳ್ಲಿ?"

ನೀಲಾಂಬಿಕಾ ಅಳುತ್ತಿರುವುದು ಕೇಳಿಸಿತು. ಶೇಖವ್ವನಿಗಾಗಿ ಈ ಊರಿನಲ್ಲಿ ಬೇರೊಬ್ಬರು ಅತ್ತದ್ದು ಅದೇ ಮೊದಲು. ಅಮರಪ್ಪ ಅವಳ ಅಳು ನಿಲ್ಲುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಕುಳಿತ.