ಊಲ್ಕಾನ್ ಅಗೆದ ಹನ್ನೆರಡು ಮಾರು

"ಕೈ ಎತ್ತು ಅಂದ್ರೆ ಎತ್ತಬೇಕು. ಬಾಯಿ ಬಿಡು ಅಂತ ನಿಂಗೆ ಯಾವನೂ ಹೇಳಿಲ್ಲ," ಎಂದ ಎರ್ಗೆಶ್.

ಊರಿನ ಮುಖ್ಯಸ್ಥನ ಮಾತಿಗೆ ಮುಂದಿನ ಸಾಲಿನವರು ನಕ್ಕರು. ಶಾಲೆಯ ದೊಡ್ಡ ಕೋಣೆಯ ಹಿಂದಿನ ಬೆಂಚಿನಿಂದ ಎದ್ದಿದ್ದ ಊಲ್ಕಾನ್ ಕೂರಲಿಲ್ಲ.

"ನಲ್ಲಿ ಕೆಳಬೀದಿಗೆ ಅಂದಿದ್ರಿ ಅಣ್ಣಾ. ಅದನ್ನ ನಂಬಿ ಹತ್ತೊಂಬತ್ತು ದಿನ ಕೈಯಾರೆ ಅಗೆದ್ವಿ. ಈಗ ಕೊಳವೆ ನಿಮ್ಮ ತಮ್ಮ ಕಾಸಿಗೆ ನಡೆಸೋ ಸ್ನಾನದಮನೆ, ಆ ಹಮಾಮಿನ ಹತ್ರ ನಿಲ್ಲತ್ತೆ ಅಂತೀರಿ."

"ಮೊದಲು ಅಲ್ಲಿಗೆ. ಕೆಳಬೀದಿ ಎರಡನೇ ಹಂತ."

"ಅದ್ಯಾವಾಗ?"

"ಅಲ್ಲಾನ್ನ ಕೇಳು."

ಮತ್ತೆ ನಗು. ಕೆಳಬೀದಿಯವರು ಬೆಟ್ಟ ಕುಸಿದು ಊರು ಮಣ್ಣಾದ ಮೇಲೆ ಇಲ್ಲಿಗೆ ಬಂದವರು. ಮೇಲಿನವರ ಕುರಿಗಳು ಇಳಿದು ಹೋದ ಕಾಲುವೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಆ ಬೀದಿಯ ಮೂರು ಕೂಸುಗಳು ಭೇದಿಯಿಂದ ಸತ್ತಿದ್ದವು. ಒಂದು ಊಲ್ಕಾನಳ ಮೊಮ್ಮಗಳು.

"ಒಪ್ಪದವರು ಕೈ ಎತ್ತಿ," ಎಂದ ಗುಮಾಸ್ತ ಮಿರ್ಲಾನ್, ಕಾಗದದಿಂದ ತಲೆಯೆತ್ತದೆ.

ಊಲ್ಕಾನ್ ಎತ್ತಿದಳು. ಅಂಗೈಯ ಬೊಬ್ಬೆಗಳು ಒಡೆದು ಒಣಗಿದ್ದವು. ಪಕ್ಕದಲ್ಲಿದ್ದ ಐಸಲ್ಕಿನ್, ಹತ್ತೊಂಬತ್ತು ದಿನವೂ ಜೊತೆಗೆ ಅಗೆದವಳು, ಅವಳ ಲಂಗ ಜಗ್ಗಿದಳು.

"ಕೂತ್ಕೊಳ್ಳೇ ಮಾರಾಯ್ತಿ. ನನ್ನ ಗಂಡ ಆ ಎರ್ಗೆಶನ ಹತ್ತಿಹೊಲದಲ್ಲೇ ದುಡಿಯೋದು."

ನಗರದಿಂದ ಬಂದಿದ್ದ ನೀರಿನ ಯೋಜನೆಯ ಹೆಂಗಸಿಗೆ ರಷ್ಯನ್ ಮಾತ್ರ ತಿಳಿಯುತ್ತಿತ್ತು. ಎತ್ತಿದ ಕೈ ಕಂಡು ಆಕೆ ಸಂತೋಷದಿಂದ ಎದ್ದುಬಂದು ಫೋಟೋ ತೆಗೆದಳು. ಏನೋ ಕೇಳಿದಳು. ಮಿರ್ಲಾನ್ ಏನೋ ಹೇಳಿದ. ಆಕೆ ಊಲ್ಕಾನಳ ಭುಜ ತಟ್ಟಿ ಹೋದಳು.

"ಏನಂದೆ ಅವಳಿಗೆ?"

"ನಿಮ್ಮ ಬೀದಿಯವರೂ ಒಪ್ಪಿದ್ದಾರೆ ಅಂದೆ." ಅವನು ದನಿ ತಗ್ಗಿಸಿದ. "ಅಕ್ಕಾ, ನಿಮ್ಮ ಗುರುತಿನ ಚೀಟಿಯಲ್ಲಿ ಇನ್ನೂ ಬೆಟ್ಟದ ಊರೇ ಇದೆ. ಇಲ್ಲಿ ನಿಮ್ಮ ಕೈ ಲೆಕ್ಕಕ್ಕೆ ಬರಲ್ಲ."

"ಅಗೆಯೋವಾಗ ಯಾವನೂ ಚೀಟಿ ಕೇಳಲಿಲ್ವಲ್ಲೋ."

"ಅಗೆಯೋದಕ್ಕೆ ಚೀಟಿ ಯಾಕೆ?"

"ಹಾಗಾದ್ರೆ ಬಾಗಿಲಲ್ಲಿ ರುಜು ಹಾಕಿಸಿಕೊಂಡೆಯಲ್ಲ, ಆ ಹಾಳೆ ಕೊಡು. ನನ್ನ ಹೆಸರು ಹೊಡೆದು ಹಾಕ್ತೀನಿ."

"ಅದು ನಗರಕ್ಕೆ ಹೋಗ್ಬೇಕು ಅಕ್ಕಾ. ಜನ ಸೇರಿದ್ರು ಅಂತ ತೋರಿಸಬೇಕಲ್ಲ."

ಮರುದಿನ ಬೆಳಿಗ್ಗೆ ಊಲ್ಕಾನ್ ಸಲಿಕೆ ಹಿಡಿದು ಒಬ್ಬಳೇ ಹೊರಟಳು. ಅವಳ ಪಾಲಿಗೆ ಬಂದಿದ್ದ ಹನ್ನೆರಡು ಮಾರು ಉದ್ದದ ಕೊಳವೆಯ ಗುಂಡಿ ಹಮಾಮಿನ ಗೋಡೆಗೆ ತಾಗಿಯೇ ಇತ್ತು. ದಡದ ಮಣ್ಣನ್ನು ಒಳಗೆ ತಳ್ಳತೊಡಗಿದಳು. ಅಗೆದದ್ದಕ್ಕಿಂತ ಮುಚ್ಚುವುದು ಸುಲಭವಾಗಿತ್ತು. ಆ ಸುಲಭಕ್ಕೇ ಅವಳಿಗೆ ಅಳು ಬಂತು.

ಎರ್ಗೆಶ್ ಓಡಿಬಂದ. "ಲೇ ಲೌಡಿ, ಊರಿನ ಕೆಲಸ ಹಾಳು ಮಾಡ್ತೀಯೇನೇ?"

"ನಾನು ತೆಗೆದ ಮಣ್ಣು. ನಾನೇ ಹಾಕ್ತಿದೀನಿ. ಊರವಳೇ ಅಲ್ಲ ಅಂದ್ಮೇಲೆ ನನ್ನ ಕೆಲಸ ಊರಿಗ್ಯಾಕೆ?"

ಅವನು ಉಗಿದು, ಫೋನ್ ಕಿವಿಗಿಟ್ಟು ಅತ್ತ ನಡೆದ. ಒಂದು ಗಂಟೆಯೂ ಆಗಲಿಲ್ಲ, ಅಗೆಯುವ ಹಳದಿ ಯಂತ್ರ ಧೂಳೆಬ್ಬಿಸುತ್ತ ಬಂತು. ಇಡೀ ಜಿಲ್ಲೆಯಲ್ಲಿ ಯಂತ್ರ ಸಿಗುತ್ತಿಲ್ಲ, ಅದಕ್ಕೇ ಹೆಂಗಸರೂ ಅಗೆಯಬೇಕು ಎಂದು ಅವನೇ ಹೇಳಿದ್ದ. ಅದರ ಕಬ್ಬಿಣದ ಬಾಯಿ ನಾಲ್ಕು ಸಲ ಇಳಿದು ಮೇಲೇಳುವಷ್ಟರಲ್ಲಿ ಅವಳು ಮುಚ್ಚಿದ್ದರಲ್ಲಿ ಅರ್ಧ ಬಯಲಾಯಿತು.

ಊಲ್ಕಾನ್ ಸಲಿಕೆ ಎಸೆದು ಗುಂಡಿಗೆ ಇಳಿದಳು. ಮಣ್ಣಿನ ಮೇಲೆ ಕಾಲು ಚಾಚಿ ಕೂತಳು.

ಚಾಲಕ ಎಂಜಿನ್ ನಿಲ್ಲಿಸಿದ. "ಏಳಕ್ಕ."

ಅವಳು ಏಳಲಿಲ್ಲ.

"ನನಗೇನು, ದಿನಗೂಲಿ. ನೀವು ಏಳೋವರೆಗೂ ಕೂತಿರ್ತೀನಿ," ಎಂದು ಅವನು ಇಳಿದು, ಹಮಾಮಿನ ನೆರಳಲ್ಲಿ ಸಿಗರೇಟು ಹಚ್ಚಿದ.

ಊಲ್ಕಾನ್ ಕತ್ತೆತ್ತಿ ಕೆಳಬೀದಿಯತ್ತ ನೋಡಿದಳು. ಗೇಟುಗಳಲ್ಲಿ ಹೆಂಗಸರು ನಿಂತಿದ್ದರು. ಯಂತ್ರದ ಹಿಂದೆಯೇ ಬಂದಿದ್ದ ಎರ್ಗೆಶ್ ಆ ಕಡೆಗೆ ತಿರುಗಿದ, ಅಷ್ಟೇ. ಮೊದಲು ಐಸಲ್ಕಿನಳ ಗೇಟು ಮುಚ್ಚಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಉಳಿದವು.